ಟ್ಯೂಬಿಂಗನ್‌ನಲ್ಲಿ ಒಂದು ಸೆಮಿಸ್ಟರ್: ಎಲ್ಲಕ್ಕಿಂತ ಮೊದಲು ವಿಳಾಸ

ಎಕ್ಸ್‌ಚೇಂಜ್ ವಿದ್ಯಾರ್ಥಿಗೆ ವಿದೇಶದಲ್ಲಿ ಸಿಗುವ ಕಾಲ ಬಹಳ ಕಡಿಮೆ. ಜರ್ಮನಿಯ ಚಳಿಗಾಲದ ಸೆಮಿಸ್ಟರನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆ ಅದು ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠ ನಡೆಯುವುದು ಮಾತ್ರ ಅಕ್ಟೋಬರ್ ಮಧ್ಯದಿಂದ ಫೆಬ್ರವರಿಯ ಮೊದಲ ವಾರಗಳವರೆಗೆ. ಅದರ ನಡುವೆ ಕ್ರಿಸ್‌ಮಸ್ ರಜೆ ಬೇರೆ. ಪೂರ್ತಿ ಪದವಿಗೆ ಹೋದವರು ಮೊದಲ ಎರಡು ತಿಂಗಳು ತಡಕಾಡಿದರೂ ಮುಂದೆ ಸರಿದೂಗಿಸಿಕೊಳ್ಳುತ್ತಾರೆ. ಒಂದೇ ಸೆಮಿಸ್ಟರಿಗೆ ಹೋದವರಿಗೆ ಅಷ್ಟು ಪುರುಸೊತ್ತಿಲ್ಲ. ಡಿಸೆಂಬರ್ ಬಂದರೂ ಬ್ಯಾಂಕ್ ಖಾತೆಗಾಗಿ, ವಿಮೆಗಾಗಿ ಓಡಾಡುತ್ತಲೇ ಇದ್ದರೆ ಹೋದ ಉದ್ದೇಶವೇ ಕೈತಪ್ಪುತ್ತದೆ.

ಹಾಗಾಗದಂತೆ ನೋಡಿಕೊಳ್ಳುವುದು ಸಾಧ್ಯ. ಜರ್ಮನಿಯಲ್ಲಿ ನೆಲೆಯೂರುವ ಕೆಲಸಕ್ಕೆ ಒಂದು ಕ್ರಮವಿದೆ. ಒಂದು ಕಾಗದ ಕೈಗೆ ಬಂದರೆ ಮಾತ್ರ ಮುಂದಿನ ಕಾಗದ. ಆ ಸಾಲಿನಲ್ಲಿ ಮೊದಲು ನಿಲ್ಲುವುದು ಪಾಸ್‌ಪೋರ್ಟ್ ಅಲ್ಲ, ವಿಶ್ವವಿದ್ಯಾಲಯದ ಪ್ರವೇಶಪತ್ರವೂ ಅಲ್ಲ, ಮನೆಯ ವಿಳಾಸ. ಈ ಒಂದು ಸಂಗತಿಯನ್ನು ವಿಮಾನ ಹತ್ತುವ ಮೊದಲೇ ತಲೆಗೆ ಹಾಕಿಕೊಂಡವರ ಮೊದಲ ತಿಂಗಳು ಹಗುರವಾಗಿ ಕಳೆಯುತ್ತದೆ.

ಉದಾಹರಣೆಗೆ ಟ್ಯೂಬಿಂಗನ್ ನಗರವನ್ನು ಆರಿಸಿಕೊಂಡಿದ್ದೇನೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ನೆಕಾರ್ ನದಿಯ ದಂಡೆಯ ಊರು. ಜನಸಂಖ್ಯೆ ಸುಮಾರು 90 ಸಾವಿರ. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಈಗ ಅಲ್ಲಿ ಓದುವವರು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಅಂದರೆ ಊರಿನಲ್ಲಿ ಎದುರಾಗುವ ಮೂರು ನಾಲ್ಕು ಜನರಲ್ಲಿ ಒಬ್ಬರು ವಿದ್ಯಾರ್ಥಿ. ಕನ್ನಡಿಗರಿಗೆ ಈ ಊರಿನ ಜೊತೆ ಹಳೆಯ ನಂಟೂ ಇದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಹೆರ್ಮನ್ ಮೊಗ್ಲಿಂಗ್ ದೇವತಾಶಾಸ್ತ್ರ ಓದಿದ್ದು ಇಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಕನ್ನಡ–ಇಂಗ್ಲಿಷ್ ನಿಘಂಟಿಗಾಗಿ ಫರ್ಡಿನಾಂಡ್ ಕಿಟೆಲ್ ಅವರಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಟ್ಯೂಬಿಂಗನ್‌ನಲ್ಲೇ. ಅವರು ನಮ್ಮ ನಾಡಿಗೆ ಬಂದು ಭಾಷೆ ಕಲಿತು ನೆಲೆಯೂರಿದಷ್ಟು ಕಷ್ಟ ಇಂದಿನ ವಿದ್ಯಾರ್ಥಿಗಿಲ್ಲ. ಆದರೆ ಕಾಗದಪತ್ರ ಮಾತ್ರ ಖಂಡಿತ ಹೆಚ್ಚಾಗಿದೆ.

ಕೋಣೆ

ಎಕ್ಸ್‌ಚೇಂಜ್ ವಿದ್ಯಾರ್ಥಿ ತನ್ನ ಮೂಲ ಕಾಲೇಜಿನಲ್ಲಿ ಶುಲ್ಕ ಕಟ್ಟುತ್ತಾನೆ, ಟ್ಯೂಬಿಂಗನ್‌ನಲ್ಲಿ ಓದುತ್ತಾನೆ. ಈ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು 2017ರಿಂದ ಸೆಮಿಸ್ಟರಿಗೆ 1,500 ಯೂರೊ ಬೋಧನಾ ಶುಲ್ಕ ಕೊಡಬೇಕು. ಒಪ್ಪಂದದಡಿ ಬರುವ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಅದರಿಂದ ವಿನಾಯಿತಿ. ಆದ್ದರಿಂದ ನಿಜವಾದ ಖರ್ಚು ಬಾಡಿಗೆ, ಊಟ ಮತ್ತು ವಿಮೆ.

ವಿದ್ಯಾರ್ಥಿ ನಿಲಯಗಳನ್ನು ನಡೆಸುವುದು ವಿಶ್ವವಿದ್ಯಾಲಯವಲ್ಲ, ‘ಸ್ಟುಡೀರೆಂಡನ್‌ವೆರ್ಕ್’ ಎಂಬ ಪ್ರತ್ಯೇಕ ಸಂಸ್ಥೆ. ಊಟದ ಮೆನ್ಸಾ ನಡೆಸುವುದೂ ಅದೇ. ಟ್ಯೂಬಿಂಗನ್‌ನ ದೊಡ್ಡ ವಿದ್ಯಾರ್ಥಿ ವಸತಿ ಇರುವುದು ಊರಿನ ಉತ್ತರದ ಗುಡ್ಡದ ಮೇಲೆ, ವಾಲ್ಡ್‌ಹಾಯ್ಸರ್ ಓಸ್ಟ್‌ನಲ್ಲಿ. ಒಬ್ಬೊಬ್ಬರಿಗೆ ಒಂದು ಕೋಣೆ, ಕೆಲವರಿಗೆ ಸೇರಿ ಒಂದು ಅಡುಗೆಮನೆ ಎಂಬುದು ಅಲ್ಲಿನ ಸಾಮಾನ್ಯ ಏರ್ಪಾಡು. ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ಕಚೇರಿ ನಿಮ್ಮ ಪ್ರವೇಶ ಒಪ್ಪಿದ ಕೂಡಲೇ ಕೋಣೆಯ ಅರ್ಜಿಯ ಬಗ್ಗೆ ತಿಳಿಸುತ್ತದೆ. ಆ ಅರ್ಜಿಯನ್ನು ಬಂದ ದಿನವೇ ತುಂಬಿ ಕಳುಹಿಸಿ. ಯಾವ ಕಟ್ಟಡ, ಎಷ್ಟನೇ ಮಹಡಿ, ಬಾಲ್ಕನಿ ಇದೆಯೇ ಎಂದು ಯೋಚಿಸುತ್ತ ಕೂರುವ ಹೊತ್ತಲ್ಲ ಅದು. ಕೊಟ್ಟದ್ದನ್ನು ಒಪ್ಪಿಕೊಳ್ಳಿ.

ನಿಲಯದಲ್ಲಿ ಸಿಗದಿದ್ದರೆ ಖಾಸಗಿ ಮನೆಯಲ್ಲಿ ನಾಲ್ಕೈದು ಜನ ಹಂಚಿಕೊಂಡಿರುವ ‘ವೇಗೇ’ಯಲ್ಲಿ ಒಂದು ಕೋಣೆ ಹುಡುಕಬೇಕು. ತಾನೇ ಬೇರೆ ದೇಶಕ್ಕೆ ಓದಲು ಹೋಗುವ ಜರ್ಮನ್ ವಿದ್ಯಾರ್ಥಿ ತನ್ನ ಕೋಣೆಯನ್ನು ಆರು ತಿಂಗಳಿಗೆ ಬಿಟ್ಟುಕೊಡುವುದುಂಟು. ಅದನ್ನು ‘ತ್ಸ್ವಿಶೆನ್‌ಮೀಟೆ’ ಎನ್ನುತ್ತಾರೆ. ಪೀಠೋಪಕರಣ ಸಮೇತ ಸಿಗುವುದರಿಂದ ಎಕ್ಸ್‌ಚೇಂಜ್ ವಿದ್ಯಾರ್ಥಿಗೆ ಅದು ಹೇಳಿ ಮಾಡಿಸಿದ್ದು. ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ. ಬಾಡಿಗೆ ‘ವಾರ್ಮ್’ ಲೆಕ್ಕದ್ದೋ ‘ಕಾಲ್ಟ್’ ಲೆಕ್ಕದ್ದೋ? ಮೊದಲನೆಯದರಲ್ಲಿ ನೀರು, ಕೋಣೆ ಬೆಚ್ಚಗಿಡುವ ಖರ್ಚು ಸೇರಿರುತ್ತದೆ, ಎರಡನೆಯದರಲ್ಲಿ ಇಲ್ಲ. ಆ ವಿಳಾಸದಲ್ಲಿ ನನ್ನ ಹೆಸರನ್ನು ಸರಕಾರಿ ದಾಖಲೆಗೆ ನೋಂದಾಯಿಸಲು ನೀವು ಸಹಿ ಹಾಕಿ ಕೊಡುತ್ತೀರಾ? ಎರಡನೇ ಪ್ರಶ್ನೆಗೆ ಇಲ್ಲ ಎಂದವರ ಕೋಣೆ ಎಷ್ಟೇ ಅಗ್ಗವಾದರೂ ಬೇಡ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಮುಂಗಡ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚಿರಬಾರದೆಂದು ಅಲ್ಲಿನ ಕಾನೂನು ಹೇಳುತ್ತದೆ. ಕೋಣೆಯನ್ನು ನೀವಾಗಲಿ, ನಿಮಗೆ ಗೊತ್ತಿರುವ ಒಬ್ಬರಾಗಲಿ ಕಣ್ಣಾರೆ ನೋಡದೆ ಒಂದು ಯೂರೊ ಕೂಡ ಕಳುಹಿಸಬೇಡಿ. ‘ನಾನು ಈಗ ಬೇರೆ ದೇಶದಲ್ಲಿದ್ದೇನೆ, ಹಣ ಹಾಕಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ’ ಎಂದು ಬರೆಯುವವರು ಮೋಸಗಾರರು. ಇದರಲ್ಲಿ ಅನುಮಾನ ಬೇಡ.

ಬಂದಿಳಿಯುವ ದಿನವನ್ನೂ ಲೆಕ್ಕ ಹಾಕಿ ಆರಿಸಿ. ನಿಲಯದ ಬೀಗದ ಕೈ ಕೊಡುವ ‘ಹೌಸ್‌ಮೈಸ್ಟರ್’ ಕೆಲಸದ ದಿನಗಳಲ್ಲಿ, ಗೊತ್ತುಪಡಿಸಿದ ಹೊತ್ತಿನಲ್ಲಿ ಮಾತ್ರ ಸಿಗುತ್ತಾರೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅಕ್ಟೋಬರ್ 3 ಜರ್ಮನ್ ಏಕೀಕರಣದ ದಿನ, ರಾಷ್ಟ್ರೀಯ ರಜೆ. ಅದು ಶುಕ್ರವಾರವೋ ಸೋಮವಾರವೋ ಬಿದ್ದರೆ ಕಚೇರಿಗಳು ಮೂರು ದಿನ ಬಾಗಿಲು ಹಾಕಿಕೊಳ್ಳುತ್ತವೆ. ಟಿಕೆಟ್ ಅಗ್ಗವೆಂದು ಶನಿವಾರ ರಾತ್ರಿ ಬಂದಿಳಿದರೆ ಬೀಗದ ಕೈಯೂ ಇಲ್ಲ, ಹಾಲು ಬ್ರೆಡ್ಡೂ ಇಲ್ಲ. ವಾರದ ನಡುವೆ, ಬೆಳಗ್ಗೆ ಬಂದಿಳಿಯುವುದು ಒಳ್ಳೆಯದು.

ನೋಂದಣಿ ಮತ್ತು ಅಂಚೆಪೆಟ್ಟಿಗೆ

ಜರ್ಮನಿಯಲ್ಲಿ ವಾಸಿಸುವ ಪ್ರತಿಯೊಬ್ಬರೂ ಮನೆ ಹೊಕ್ಕ ಎರಡು ವಾರದೊಳಗೆ ಊರಿನ ‘ಬ್ಯುರ್ಗರ್‌ಆಮ್ಟ್’ ಅಂದರೆ ನಾಗರಿಕ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅಲ್ಲಿನ ಪ್ರಜೆಗಳಿಗೂ ಇದೇ ನಿಯಮ. ಇದಕ್ಕೆ ‘ಆನ್‌ಮೆಲ್ಡುಂಗ್’ ಎಂದು ಹೆಸರು. ಬೇಕಾದದ್ದು ಪಾಸ್‌ಪೋರ್ಟ್, ತುಂಬಿದ ಒಂದು ಅರ್ಜಿ, ಜೊತೆಗೆ ಮನೆ ಕೊಟ್ಟವರು ‘ಇವರು ಇಂಥ ದಿನದಿಂದ ಇಲ್ಲಿದ್ದಾರೆ’ ಎಂದು ಸಹಿ ಹಾಕಿದ ಹಾಳೆ. ಬಾಡಿಗೆ ಕರಾರುಪತ್ರ ಇದ್ದರೂ ಆ ಹಾಳೆ ಪ್ರತ್ಯೇಕವಾಗಿ ಬೇಕೇ ಬೇಕು. ಮೇಲಿನ ಎರಡನೇ ಪ್ರಶ್ನೆ ಇದಕ್ಕಾಗಿಯೇ. ಭೇಟಿಯ ಸಮಯವನ್ನು ಮೊದಲೇ ಆನ್‌ಲೈನಿನಲ್ಲಿ ಕಾದಿರಿಸಿಕೊಳ್ಳಿ. ಅಕ್ಟೋಬರ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳು ಒಟ್ಟಿಗೆ ಊರಿಗೆ ಬಂದಿರುತ್ತಾರೆ.

ಕೆಲಸ ಹತ್ತು ನಿಮಿಷದ್ದು. ಹೊರಗೆ ಬರುವಾಗ ಕೈಯಲ್ಲಿ ಮುದ್ರೆ ಬಿದ್ದ ಒಂದು ಕಾಗದ ಇರುತ್ತದೆ. ಮುಂದಿನ ಎಲ್ಲ ಬಾಗಿಲುಗಳನ್ನು ತೆರೆಸುವುದು ಅದು. ಬ್ಯಾಂಕಿನವರು ಅದನ್ನು ಕೇಳುತ್ತಾರೆ, ವಿದೇಶಿಯರ ಕಚೇರಿ ಕೇಳುತ್ತದೆ, ಮೊಬೈಲ್ ಕರಾರಿಗೆ ಬೇಕಾಗುತ್ತದೆ. ನೋಂದಣಿ ಆದ ಕೆಲವು ವಾರಗಳಲ್ಲಿ 11 ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ತಾನಾಗಿಯೇ ಬರುತ್ತದೆ. ಎಲ್ಲಾದರೂ ಪಾರ್ಟ್‌ಟೈಮ್ ಕೆಲಸ ಮಾಡುವುದಿದ್ದರೆ ಆ ಸಂಖ್ಯೆಯನ್ನು ಕೊಡಬೇಕು.

ಬರುತ್ತದೆ ಎಂದೆ; ಬರಬೇಕಾದರೆ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿರಬೇಕು. ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಅಪಾರ್ಟ್‌ಮೆಂಟ್ ಎಂದರೆ ಫ್ಲಾಟ್ ನಂಬರ್ ಇರುತ್ತದೆ, ಅಂಚೆಯಣ್ಣ ಅದನ್ನು ನೋಡಿ ಬರುತ್ತಾರೆ, ಸಿಗದಿದ್ದರೆ ಕಾವಲುಗಾರರನ್ನೋ ಪಕ್ಕದ ಮನೆಯವರನ್ನೋ ಕೇಳುತ್ತಾರೆ. ಜರ್ಮನಿಯ ಬಹುತೇಕ ಕಟ್ಟಡಗಳಲ್ಲಿ ಫ್ಲಾಟ್ ನಂಬರ್ ಎಂಬುದೇ ಇಲ್ಲ. ರಸ್ತೆ, ಕಟ್ಟಡದ ಸಂಖ್ಯೆ, ಆಮೇಲೆ ಹೆಸರು. ಬಾಗಿಲ ಬಳಿ ಸಾಲಾಗಿ ಪೆಟ್ಟಿಗೆಗಳು, ಒಂದೊಂದರ ಮೇಲೂ ಸಣ್ಣ ಚೀಟಿಯಲ್ಲಿ ಹೆಸರುಗಳು. ಲಕೋಟೆಯ ಮೇಲಿನ ಹೆಸರು ಅಲ್ಲಿ ಕಾಣದಿದ್ದರೆ ಪತ್ರ ಕಳುಹಿಸಿದವರಿಗೇ ವಾಪಸ್ ಹೋಗುತ್ತದೆ. ಯಾರೂ ಫೋನ್ ಮಾಡುವುದಿಲ್ಲ. ಬ್ಯಾಂಕ್ ಕಾರ್ಡ್, ಅದರ ಗುಪ್ತಸಂಖ್ಯೆ, ವಿಮೆಯ ಕಾರ್ಡ್, ತೆರಿಗೆ ಸಂಖ್ಯೆ ಎಲ್ಲವೂ ಅಂಚೆಯಲ್ಲೇ ಬರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ಎಚ್. ಆರ್. ಸುಮಾ ಎಂಬ ಹುಡುಗಿ ಎಂದಿಟ್ಟುಕೊಳ್ಳಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಬರೆದು ಅದನ್ನೇ ಕುಲನಾಮದ ಜಾಗಕ್ಕೆ ಹಾಕಿರುತ್ತಾರೆ. ಗೆಳೆಯರು ಕರೆಯುವುದು ಸುಮಾ. ಅಲ್ಲಿನ ಕಚೇರಿಗಳು ಬರೆಯುವುದು ಪಾಸ್‌ಪೋರ್ಟಿನ ಕುಲನಾಮದ ಜಾಗದಲ್ಲಿ ಇರುವುದನ್ನು. ಆದ್ದರಿಂದ ಪೆಟ್ಟಿಗೆಯ ಮೇಲೆ ‘ಸುಮಾ’ ಎಂದು ಮಾತ್ರ ಅಂಟಿಸಿದರೆ ಸಾಲದು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಪೂರ್ತಿ ಬರೆಯಿರಿ. ಕುಲನಾಮದ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ಆಗಿದ್ದರೆ ವೀಸಾ ಅರ್ಜಿ ಹಾಕುವ ಮುನ್ನವೇ ಅದನ್ನು ತಿದ್ದಿಸಿಕೊಳ್ಳುವುದು ಲೇಸು. ವಿಶ್ವವಿದ್ಯಾಲಯ, ಬ್ಯಾಂಕ್, ವಿಮೆ ಈ ಮೂರು ಕಡೆಯೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ರೀತಿ ಇರಲಿ. ಬೇರೊಬ್ಬರ ಕೋಣೆಯಲ್ಲಿ ಇದ್ದೀರಾದರೆ ಅವರ ಹೆಸರನ್ನೂ ‘ಸಿ/ಒ’ ಎಂದು ವಿಳಾಸದಲ್ಲಿ ಸೇರಿಸಿ.

ಅಂಚೆಯಲ್ಲಿ ಇನ್ನೊಂದು ಪತ್ರವೂ ಬರುತ್ತದೆ, ಎಷ್ಟೋ ಜನ ಅದನ್ನು ಜಾಹೀರಾತು ಎಂದುಕೊಂಡು ಬಿಸಾಡುತ್ತಾರೆ. ಸಾರ್ವಜನಿಕ ರೇಡಿಯೊ, ಟಿ.ವಿ.ಗಾಗಿ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೊ ಕೊಡಬೇಕೆಂಬ ನೋಟಿಸು ಅದು. ಮನೆಯಲ್ಲಿ ಟಿ.ವಿ. ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಒಂದು ಮನೆಗೆ ಒಂದೇ ಬಾರಿ ಕೊಟ್ಟರೆ ಸಾಕು. ಹಂಚಿಕೊಂಡ ಮನೆಯಲ್ಲಿ ಈಗಾಗಲೇ ಒಬ್ಬರು ಕೊಡುತ್ತಿದ್ದರೆ ಅವರ ಖಾತೆ ಸಂಖ್ಯೆಯನ್ನು ಬರೆದು ಉತ್ತರಿಸಿ, ನಿಮ್ಮ ಪಾಲನ್ನು ಅವರಿಗೆ ಕೊಡಿ. ಎಲ್ಲರೂ ಓಡಾಡುವ ಓಣಿಗೆ ಬಾಗಿಲು ತೆರೆಯುವ ನಿಲಯದ ಕೋಣೆಯನ್ನು ಮಾತ್ರ ಪ್ರತ್ಯೇಕ ಮನೆ ಎಂದೇ ಎಣಿಸುತ್ತಾರೆ. ಉತ್ತರಿಸದೆ ಬಿಟ್ಟರೆ ಬಾಕಿ ಬೆಳೆಯುತ್ತ ಹೋಗುತ್ತದೆ.

ಹಣ, ವಿಮೆ, ವೀಸಾ

ಭಾರತದಿಂದ ಹೋಗುವ ವಿದ್ಯಾರ್ಥಿ ತನ್ನ ಖರ್ಚಿಗೆ ಹಣವಿದೆ ಎಂದು ವೀಸಾ ಹೊತ್ತಿಗೆ ತೋರಿಸಬೇಕು. ಸ್ಕಾಲರ್‌ಶಿಪ್ ಇಲ್ಲದವರು ಸಾಮಾನ್ಯವಾಗಿ ‘ಬ್ಲಾಕ್ಡ್ ಅಕೌಂಟ್’ ತೆರೆಯುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಲೆಕ್ಕ ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ. ನೀವು ತೋರಿಸಬೇಕಾದ ಮೊತ್ತ ತಂಗುವ ಅವಧಿಯನ್ನು ಅವಲಂಬಿಸಿದೆ. ಈ ಹಣ ನಿಮ್ಮದೇ, ಆದರೆ ಒಮ್ಮೆಗೇ ಕೈಗೆ ಬರುವುದಿಲ್ಲ. ತಿಂಗಳಿಗೆ ಇಷ್ಟೆಂದು ಜರ್ಮನಿಯ ಒಂದು ಸಾಮಾನ್ಯ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಆ ಸಾಮಾನ್ಯ ಖಾತೆ ತೆರೆಯಲು ಹೆಚ್ಚಿನ ಬ್ಯಾಂಕುಗಳು ಕೇಳುವುದು ಆಗಲೇ ಹೇಳಿದ ಮುದ್ರೆ ಬಿದ್ದ ಕಾಗದವನ್ನು. ಕೋಣೆಯಿಂದ ನೋಂದಣಿ, ನೋಂದಣಿಯಿಂದ ಖಾತೆ, ಖಾತೆಯಿಂದ ನಿಮ್ಮದೇ ಹಣ ಎಂಬ ಸರಪಳಿ ಹೀಗೆ ಬೆಸೆದುಕೊಂಡಿದೆ. ಬಾಡಿಗೆ, ವಿಮೆಯ ಕಂತು, ರೈಲ್ವೆ ಪಾಸು ಇವೆಲ್ಲ ತಿಂಗಳ ಮೊದಲಲ್ಲಿ ಆ ಖಾತೆಯಿಂದಲೇ ತಾನಾಗಿ ಕಡಿತವಾಗುವಂಥವು.

ಆದ್ದರಿಂದ ಮೊದಲ ತಿಂಗಳಿಗೆ ಬೇರೆಯೇ ಹಣ ಇಟ್ಟುಕೊಳ್ಳಿ. ಠೇವಣಿ, ಮೊದಲ ಬಾಡಿಗೆ, ಹಾಸಿಗೆ ಹೊದಿಕೆ, ಪಾತ್ರೆ, ಊಟ ಎಲ್ಲಕ್ಕೂ ಸೇರಿ ಒಂದೂವರೆ ಸಾವಿರ ಯೂರೊ ಆದರೂ ಫಾರೆಕ್ಸ್ ಕಾರ್ಡಿನಲ್ಲಿ ಇರಬೇಕೆಂಬುದು ನನ್ನ ಅಂದಾಜು. ಒಂದಿಷ್ಟನ್ನು ನಗದಾಗಿ ಇಟ್ಟುಕೊಂಡಿರಿ. ಸಣ್ಣ ಬೇಕರಿಗಳು, ಸಂತೆಯ ತರಕಾರಿ ಅಂಗಡಿಗಳು ಕಾರ್ಡ್ ತೆಗೆದುಕೊಳ್ಳದಿರುವುದು ಇನ್ನೂ ಇದೆ. ಯುಪಿಐಗೆ ಒಗ್ಗಿಹೋದ ನಮ್ಮವರಿಗೆ ಇದು ವಿಚಿತ್ರವೆನಿಸುತ್ತದೆ.

ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ಪ್ರವೇಶ ಖಾಯಂ ಮಾಡುವುದಿಲ್ಲ. 30 ವರ್ಷದೊಳಗಿನ ವಿದ್ಯಾರ್ಥಿ ಅಲ್ಲಿನ ಸಾರ್ವಜನಿಕ ವಿಮೆಗೆ ಸೇರಬಹುದು. ತಿಂಗಳಿಗೆ ಸುಮಾರು 140–150 ಯೂರೊ. ವಿಮಾ ಸಂಸ್ಥೆಯೇ ನೇರವಾಗಿ ವಿಶ್ವವಿದ್ಯಾಲಯಕ್ಕೆ ವಿದ್ಯುನ್ಮಾನ ಮಾಹಿತಿ ಕಳುಹಿಸುತ್ತದೆ. ಅಗ್ಗವೆಂದು ಖಾಸಗಿ ವಿಮೆ ಆರಿಸಿಕೊಳ್ಳಬಹುದು, ಆದರೆ ಒಮ್ಮೆ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಬರೆಸಿಕೊಂಡರೆ ಆ ಓದು ಮುಗಿಯುವ ತನಕ ಹಿಂದಿರುಗುವಂತಿಲ್ಲ. ಐದಾರು ತಿಂಗಳ ಉಳಿತಾಯಕ್ಕಾಗಿ ಆ ದಾರಿ ಹಿಡಿಯುವುದು ಬೇಡ. ಸೆಮಿಸ್ಟರ್ ಆರಂಭಕ್ಕೆ ಮುಂಚೆಯೇ ಹೋಗುವವರು ಆ ನಡುವಿನ ದಿನಗಳಿಗೆ ಪ್ರಯಾಣ ವಿಮೆ ಮಾಡಿಸಿಕೊಂಡಿರಬೇಕು. ಜೀವಕ್ಕೆ ಅಪಾಯವಿದ್ದರೆ 112. ರಾತ್ರಿ ಜ್ವರ ಬಂದಿದೆ, ವೈದ್ಯರು ಬೇಕು ಎಂಬಂಥ ಹೊತ್ತಿಗೆ 116117. ಎರಡನ್ನೂ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಔಷಧಿ ಅಂಗಡಿಗೆ ಹೋಗಿ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೇಳಿದರೆ ಕೊಡುವುದಿಲ್ಲ.

ವೀಸಾವನ್ನು ಪೂರ್ತಿ ಸೆಮಿಸ್ಟರಿಗೆ ಕೊಟ್ಟಿದ್ದರೆ ಮುಂದೆ ಏನೂ ಮಾಡಬೇಕಿಲ್ಲ. ಮೂರು ತಿಂಗಳಿಗೆ ಮಾತ್ರ ಕೊಟ್ಟಿದ್ದರೆ ಅದು ಮುಗಿಯುವ ಮೊದಲೇ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಮೊದಲ ವಾರದಲ್ಲೇ ಪಾಸ್‌ಪೋರ್ಟ್ ತೆರೆದು ದಿನಾಂಕ ನೋಡಿ. ಕೊನೆಯ ವಾರದಲ್ಲಿ ಎದ್ದು ಓಡಿದರೆ ಭೇಟಿಯ ಸಮಯ ಸಿಗುವುದಿಲ್ಲ.

ತರಗತಿ

ಅಲ್ಲಿ ಪಾಠದ ವೇಳಾಪಟ್ಟಿಯಲ್ಲಿ ಹತ್ತು ಗಂಟೆ, ಪಕ್ಕದಲ್ಲಿ ‘ಸಿ.ಟಿ.’ ಎಂದು ಬರೆದಿದ್ದರೆ ಪಾಠ ಶುರುವಾಗುವುದು ಹತ್ತೂ ಕಾಲಕ್ಕೆ. ‘ಎಸ್.ಟಿ.’ ಎಂದಿದ್ದರೆ ಹತ್ತಕ್ಕೇ. ಪಾಠ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಅದು ಮೆಚ್ಚುಗೆ. ಇಂಥವು ಎರಡು ದಿನದಲ್ಲಿ ರೂಢಿಯಾಗುತ್ತವೆ. ನಿಜವಾದ ವ್ಯತ್ಯಾಸ ಇರುವುದು ಓದಿನ ಲೆಕ್ಕದಲ್ಲಿ.

ಯುರೋಪಿನಲ್ಲಿ ಓದಿನ ಹೊರೆ ಅಳೆಯುವ ಇಸಿಟಿಎಸ್ ಎಂಬ ಕ್ರೆಡಿಟ್ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ 30 ಅಂಕ ಪೂರ್ತಿ ಹೊರೆ. ಒಂದು ಅಂಕ ಎಂದರೆ 25ರಿಂದ 30 ಗಂಟೆಗಳ ಕೆಲಸ. ಇದರಲ್ಲಿ ತರಗತಿಯಲ್ಲಿ ಕೂರುವ ಹೊತ್ತು ಸಣ್ಣ ಪಾಲು. ಉಳಿದದ್ದು ನೀವೇ ಓದುವುದು, ಬರೆಯುವುದು. ವಾರಕ್ಕೊಮ್ಮೆ ತೊಂಬತ್ತು ನಿಮಿಷ ಇರುವ ಸೆಮಿನಾರ್ ನೋಡಿ ‘ಇಷ್ಟೇನಾ’ ಎಂದು ಏಳೆಂಟು ವಿಷಯ ತೆಗೆದುಕೊಳ್ಳುವ ನಮ್ಮವರು ಡಿಸೆಂಬರ್ ಹೊತ್ತಿಗೆ ಕಂಗಾಲಾಗುತ್ತಾರೆ. ಆ ಒಂದು ಸೆಮಿನಾರಿಗೆ ವಾರವಾರವೂ ಲೇಖನ ಓದಿ ಬರಬೇಕು, ಒಂದು ದಿನ ಮುಂದೆ ನಿಂತು ವಿಷಯ ಮಂಡಿಸಬೇಕು, ಪಾಠ ಮುಗಿದ ಮೇಲೆ ಹದಿನೈದು ಪುಟದ ಪ್ರಬಂಧ ಬರೆದು ಕೊಡಬೇಕಾಗಬಹುದು. ಹಾಜರಿ ಕೂಗಿ ಬೆನ್ನಟ್ಟುವವರಿಲ್ಲ, ಇಂಟರ್ನಲ್ಸ್ ಎಂದು ತಿಂಗಳಿಗೊಮ್ಮೆ ಎಚ್ಚರಿಸುವವರೂ ಇಲ್ಲ. ನಾಲ್ಕೈದು ವಿಷಯ ಸಾಕು.

ವಿಷಯಕ್ಕೆ ಹೆಸರು ಹಚ್ಚುವುದು ಬೇರೆ, ಅದರ ಪರೀಕ್ಷೆಗೆ ಹೆಸರು ಹಚ್ಚುವುದು ಬೇರೆ. ಟ್ಯೂಬಿಂಗನ್‌ನಲ್ಲಿ ಇವು ‘ಆಲ್ಮಾ’ ಎಂಬ ಜಾಲವ್ಯವಸ್ಥೆಯಲ್ಲಿ ನಡೆಯುತ್ತವೆ. ಪಾಠಕ್ಕೆಲ್ಲ ಹೋಗಿ, ಪರೀಕ್ಷೆಯ ನೋಂದಣಿಗೆ ಕೊನೆಯ ದಿನ ದಾಟಿಸಿಕೊಂಡರೆ ಅಷ್ಟೂ ಓದು ದಾಖಲೆಗೆ ಬಾರದೆ ಹೋಗುತ್ತದೆ. ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಕೆಲವು ವಿಭಾಗಗಳಲ್ಲಿ ಬೇರೆ ಕ್ರಮ ಇರುವುದರಿಂದ ಮೊದಲ ತರಗತಿ ಮುಗಿದ ಕೂಡಲೇ ಅಧ್ಯಾಪಕರ ಬಳಿ ಹೋಗಿ ‘ನಾನು ಎಕ್ಸ್‌ಚೇಂಜ್ ವಿದ್ಯಾರ್ಥಿ, ನನಗೆ ಪರೀಕ್ಷೆ ಹೇಗೆ, ಅಂಕ ಹೇಗೆ’ ಎಂದು ಕೇಳಿ. ಸಂಕೋಚ ಬೇಡ. ಹೀಗೆ ಕೇಳುವುದನ್ನು ಅಲ್ಲಿ ಯಾರೂ ಉದ್ಧಟತನ ಎಂದು ತಿಳಿಯುವುದಿಲ್ಲ.

ಅಂಕಗಳು ತಲೆಕೆಳಗು: 1.0 ಅತ್ಯುತ್ತಮ, 4.0 ತೇರ್ಗಡೆಯ ಕೊನೆಯ ಮೆಟ್ಟಿಲು, 5.0 ನಪಾಸು. ಊರಿನ ಕಾಲೇಜು ಇದನ್ನು ತನ್ನ ಗ್ರೇಡಿಗೆ ಹೇಗೆ ಬದಲಿಸುತ್ತದೆ ಎಂಬುದನ್ನು ಹೊರಡುವ ಮೊದಲೇ ಬರಹದಲ್ಲಿ ಪಡೆಯಿರಿ. ಹೊರಡುವಾಗ ಸಹಿಯಾದ ‘ಲರ್ನಿಂಗ್ ಅಗ್ರಿಮೆಂಟ್’ನಲ್ಲಿ ಇರುವ ವಿಷಯಗಳು ಅಲ್ಲಿ ಹೋದಾಗ ನಡೆಯದಿರುವುದು, ಎರಡರ ವೇಳೆ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ತೀರ ಮಾಮೂಲು. ಬದಲಿಸಿ, ಆದರೆ ಬದಲಿಸಿದ್ದಕ್ಕೆ ಎರಡೂ ಕಡೆಯ ಒಪ್ಪಿಗೆಯನ್ನು ಮೊದಲ ಕೆಲವು ವಾರಗಳಲ್ಲೇ ಪಡೆಯಿರಿ. ವಾಪಸ್ ಬಂದ ಮೇಲೆ ‘ಈ ವಿಷಯಕ್ಕೆ ನಾವು ಒಪ್ಪಿರಲಿಲ್ಲವಲ್ಲ’ ಎಂದು ವಿಭಾಗದವರು ಹೇಳಿದರೆ ಒಂದು ಸೆಮಿಸ್ಟರ್ ಕೈಬಿಟ್ಟಂತೆ.

ಅಡುಗೆಮನೆ ಮತ್ತು ಮೆಟ್ಟಿಲು

ಮನೆಯವರು ಕಟ್ಟಿಕೊಡುವ ಗಂಟಿನ ಬಗ್ಗೆ ಮೊದಲು ಹೇಳಬೇಕು. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಒಯ್ಯುವಂತಿಲ್ಲ. ತುಪ್ಪ, ಧಾರವಾಡ ಪೇಡ, ಕುಂದ ಎಲ್ಲವೂ ಇದರಲ್ಲಿ ಬರುತ್ತವೆ. ಹಸಿ ಸೊಪ್ಪು, ತರಕಾರಿ, ಹೆಚ್ಚಿನ ಹಣ್ಣುಗಳಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುವ ಕರಿಬೇವಿಗೂ ಅದೇ ನಿಯಮ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರದಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ರಾಗಿ ಹಿಟ್ಟು, ಬ್ಯಾಡಗಿ ಮೆಣಸಿನಪುಡಿ ಒಯ್ಯಿರಿ. ಅಕ್ಕಿ, ತೊಗರಿಬೇಳೆ ಒಯ್ದು ಭಾರ ಹೆಚ್ಚಿಸಿಕೊಳ್ಳಬೇಡಿ. ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ. ಕೊತ್ತಂಬರಿ ಸೊಪ್ಪು, ಹಸಿಮೆಣಸು, ಬೆಂಡೆಕಾಯಿಗೆ ತುರ್ಕಿ ಜನರ ತರಕಾರಿ ಅಂಗಡಿ ಹುಡುಕಿ. ದಿನವೂ ತೆಗೆದುಕೊಳ್ಳುವ ಔಷಧಿ ಇದ್ದರೆ ವೈದ್ಯರ ಚೀಟಿಯೊಂದಿಗೆ ಮೂರು ತಿಂಗಳಿಗೆ ಆಗುವಷ್ಟು ಇಟ್ಟುಕೊಳ್ಳಬಹುದು.

ಹಂಚಿಕೊಂಡ ಅಡುಗೆಮನೆಯಲ್ಲಿ ನಮ್ಮವರಿಗೆ ಆಗುವ ಮೊದಲ ಅನುಭವ ಹೊಗೆಯ ಅಲಾರಾಂ. ಒಣಮೆಣಸು, ಇಂಗು ಹಾಕಿ ಒಗ್ಗರಣೆ ಕೊಟ್ಟರೆ ಎರಡೇ ನಿಮಿಷದಲ್ಲಿ ಇಡೀ ಓಣಿ ಕೆಮ್ಮುತ್ತದೆ, ಚಾವಣಿಯ ಪೆಟ್ಟಿಗೆ ಕೂಗತೊಡಗುತ್ತದೆ. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆದು, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ, ಪಾತ್ರೆಗೆ ಮುಚ್ಚಳ ಇಡಿ. ಹಲವು ಕಟ್ಟಡಗಳ ಅಲಾರಾಂ ನೇರ ಅಗ್ನಿಶಾಮಕ ದಳಕ್ಕೆ ಜೋಡಿಸಿರುತ್ತದೆ. ಸುಳ್ಳು ಕರೆಯ ಖರ್ಚು ನಿಮ್ಮ ತಲೆಗೆ ಬರಬಹುದು. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಬಾರಿ ಐದು ನಿಮಿಷ ಕಿಟಕಿಯನ್ನು ಅಗಲಕ್ಕೆ ತೆರೆದಿಡಬೇಕು. ಇಲ್ಲದಿದ್ದರೆ ಕೋಣೆಯ ತೇವ ಹೊರಹೋಗದೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕೊನೆಗೆ ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ.

ಖಾಸಗಿ ಮನೆಗಳಲ್ಲಿ ಈ ಸ್ವಾಬಿಯಾ ಪ್ರಾಂತದ್ದೇ ಆದ ಒಂದು ಪದ್ಧತಿ ಉಂಟು: ‘ಕೇರ್‌ವೋಹೆ’. ಎಲ್ಲರಿಗೂ ಸೇರಿದ ಮೆಟ್ಟಿಲು, ಅಂಗಳ, ಕಾಲುದಾರಿ ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಗೆ ಬರುತ್ತದೆ. ನಿಮ್ಮ ಬಾಗಿಲಿಗೆ ‘ಕೇರ್‌ವೋಹೆ’ ಎಂದು ಬರೆದ ಪುಟ್ಟ ಫಲಕ ತೂಗಿಬಿದ್ದರೆ ಆ ವಾರ ನಿಮ್ಮದು. ನಮ್ಮ ಊರುಗಳಲ್ಲಿ ಬೆಳಗೆದ್ದು ಅಂಗಳ ಗುಡಿಸುವ ಮನೆಗಳನ್ನು ಕಂಡವರಿಗೆ ಇದರ ಹಿಂದಿನ ಮನಸ್ಸು ಬೇಗ ಅರ್ಥವಾಗುತ್ತದೆ. ತಪ್ಪಿಸಿಕೊಂಡವರ ಬಗ್ಗೆ ನೆರೆಹೊರೆಯವರಿಗೆ ಬೇಸರವಾಗುತ್ತದೆ. ಮಾಡಿದವರನ್ನು ಅವರೇ ಮಾತನಾಡಿಸಲು ಬರುತ್ತಾರೆ. ಇಡೀ ಸೆಮಿಸ್ಟರಿನಲ್ಲಿ ಊರಿನ ಹಿರಿಯರೊಬ್ಬರ ಜೊತೆ ಪರಿಚಯ ಬೆಳೆಯಲು ಮೆಟ್ಟಿಲು ಒರೆಸಿದ ಒಂದು ವಾರ ಸಾಕು ಎಂದು ನನಗನ್ನಿಸುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಬೇಡ, ಭಾನುವಾರವಿಡೀ ಡ್ರಿಲ್ಲಿಂಗ್, ಕುಟ್ಟುವ ಕೆಲಸ ಬೇಡ.

ಕಸವನ್ನು ಕಾಗದ, ಪ್ಯಾಕಿಂಗ್, ಹಸಿಕಸ, ಉಳಿದದ್ದು ಎಂದು ಬೇರ್ಪಡಿಸಬೇಕು. ಗಾಜನ್ನು ಬಣ್ಣದ ಪ್ರಕಾರ ಬೀದಿಯ ತೊಟ್ಟಿಗೆ ಹಾಕಬೇಕು. ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳಿಗೆ 25 ಸೆಂಟ್ ಠೇವಣಿ ಇರುತ್ತದೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ಇದಲ್ಲದೆ ಟ್ಯೂಬಿಂಗನ್ 2022ರ ಜನವರಿ 1ರಿಂದ ತನ್ನದೇ ತೆರಿಗೆಯೊಂದನ್ನು ಹಾಕಿದೆ: ಬಳಸಿ ಬಿಸಾಡುವ ಲೋಟ, ತಟ್ಟೆಗೆ 50 ಸೆಂಟ್, ಚಮಚಕ್ಕೆ 20 ಸೆಂಟ್. ಇದನ್ನು ಪ್ರಶ್ನಿಸಿದ ಮೊಕದ್ದಮೆ ಸಂವಿಧಾನ ನ್ಯಾಯಾಲಯದವರೆಗೂ ಹೋಗಿ, ಊರಿನ ಪರವಾದ ತೀರ್ಪು 2025ರ ಜನವರಿಯಲ್ಲಿ ಪ್ರಕಟವಾಯಿತು. ದಿನವೂ ಕಾಫಿ ಕುಡಿಯುವವರು ಸ್ವಂತ ಲೋಟ ಇಟ್ಟುಕೊಂಡರೆ ತಿಂಗಳಿಗೆ ಹತ್ತಾರು ಯೂರೊ ಉಳಿಯುತ್ತದೆ.

ಬಸ್ಸು, ರೈಲು

ದೇಶದ ಎಲ್ಲ ನಗರ ಬಸ್ಸು, ಟ್ರಾಮ್, ಸ್ಥಳೀಯ ರೈಲುಗಳಲ್ಲಿ ನಡೆಯುವ ‘ಡಾಯ್ಚ್‌ಲಾಂಡ್ ಟಿಕೆಟ್’ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಈ ರಾಜ್ಯದಲ್ಲಿ 27 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಇದೇ ಬಗೆಯ ರಿಯಾಯಿತಿ ಪಾಸೂ ಇದೆ, ಮೊದಲು ಅದನ್ನು ವಿಚಾರಿಸಿ. ಐಸಿಇ ಮುಂತಾದ ವೇಗದ ದೂರ ರೈಲುಗಳಿಗೆ ಇದು ನಡೆಯುವುದಿಲ್ಲ. ನಿಲ್ದಾಣದಲ್ಲಿ ತಡೆಗಂಬವಿಲ್ಲ, ಕಂಡಕ್ಟರ್ ಬಂದು ಕೇಳುವುದೂ ಅಪರೂಪ. ಹಾಗೆಂದು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ.

ಕತ್ತಲು

ಕಾಗದಪತ್ರವೆಲ್ಲ ಮುಗಿದು ಉಸಿರಾಡುವ ಹೊತ್ತಿಗೆ ನವೆಂಬರ್ ಬಂದಿರುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಭಾರತದ ಜೊತೆಗಿನ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆಗೆ ಏರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ತರಗತಿ ಮುಗಿಸಿ ಬರುವಷ್ಟರಲ್ಲಿ ಊರಿನಲ್ಲಿ ಅಪ್ಪ ಅಮ್ಮ ಮಲಗುವ ಹೊತ್ತು. ಮಾತನಾಡಲು ಬೆಳಗಿನ ಹೊತ್ತನ್ನು ಗೊತ್ತು ಮಾಡಿಕೊಂಡರೆ ಎರಡೂ ಕಡೆಯವರಿಗೆ ಅನುಕೂಲ. ಬಹಳ ಜನರಿಗೆ ಮನೆಯ ನೆನಪು ಕಾಡುವುದು ಮೊದಲ ವಾರದಲ್ಲಲ್ಲ, ಆಗ ಓಡಾಟವೇ ತುಂಬಿರುತ್ತದೆ. ಕಾಡುವುದು ಈಗ.

ಇದಕ್ಕೆ ಮುಂಚಿತವಾಗಿ ವ್ಯವಸ್ಥೆ ಮಾಡಿಕೊಳ್ಳಬೇಕು. ಅಕ್ಟೋಬರಿನಲ್ಲೇ ವಾರಕ್ಕೊಮ್ಮೆ ಸೇರುವ ಯಾವುದಾದರೂ ಗುಂಪಿಗೆ ಹೆಸರು ಹಚ್ಚಿ. ವಿಶ್ವವಿದ್ಯಾಲಯದ ಕ್ರೀಡಾ ತರಗತಿ ಇರಬಹುದು, ಗಾಯನ ಮೇಳ ಇರಬಹುದು, ನೀವು ಕನ್ನಡವನ್ನೋ ಇಂಗ್ಲಿಷನ್ನೋ ಕಲಿಸಿ ಅವರಿಂದ ಜರ್ಮನ್ ಕಲಿಯುವ ಜೊತೆಗಾರಿಕೆ ಇರಬಹುದು. ಇಷ್ಟವಾಯಿತೇ ಎಂದು ಮೊದಲ ದಿನವೇ ತೀರ್ಮಾನಿಸಬೇಡಿ. ಅಲ್ಲಿನವರು ಬೇಗ ಸಲಿಗೆ ಬೆಳೆಸುವುದಿಲ್ಲ, ಆದರೆ ವಾರವಾರವೂ ಅದೇ ಹೊತ್ತಿಗೆ ಬರುವ ಮುಖವನ್ನು ತಮ್ಮವರಲ್ಲಿ ಎಣಿಸತೊಡಗುತ್ತಾರೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಲ್ಲೋ ಜರ್ಮನಿನ ಮೊದಲ ಮಟ್ಟವನ್ನಾದರೂ ಕಲಿತು ಹೋದವರಿಗೆ ಈ ದಾರಿ ಸುಲಭ. ಪಾಠವೆಲ್ಲ ಇಂಗ್ಲಿಷಿನಲ್ಲಿ ಇದ್ದರೂ ಬೇಕರಿ, ಬಸ್ಸು, ಅಡುಗೆಮನೆಯ ಮಾತು ಜರ್ಮನಿನಲ್ಲೇ. ನಾಲ್ಕಾರು ಭಾರತೀಯರೇ ಸೇರಿ ಒಂದೇ ಅಡುಗೆಮನೆಯಲ್ಲಿ ಇಡೀ ಸೆಮಿಸ್ಟರ್ ಕಳೆಯುವುದು ಹಿತವಾದ ಸಂಗತಿ, ಆದರೆ ಅಷ್ಟಕ್ಕೇ ನಿಂತರೆ ನಷ್ಟ. ಜರ್ಮನಿಯ ದೊಡ್ಡ ನಗರಗಳಲ್ಲಿ ಕನ್ನಡ ಸಂಘಗಳಿವೆ. ರಾಜ್ಯೋತ್ಸವಕ್ಕೋ ಯುಗಾದಿಗೋ ಒಂದು ಬಾರಿ ಹೋಗಿಬಂದರೆ ಮನಸ್ಸು ತುಂಬುತ್ತದೆ. ನಿದ್ದೆ ಬಾರದೆ, ಊಟ ಸೇರದೆ ವಾರಗಳು ಕಳೆದರೆ ಸ್ಟುಡೀರೆಂಡನ್‌ವೆರ್ಕ್‌ನ ಆಪ್ತಸಮಾಲೋಚಕರನ್ನು ಕಾಣಿ. ಅಲ್ಲಿನ ವಿದ್ಯಾರ್ಥಿಗಳು ದಂತವೈದ್ಯರ ಬಳಿ ಹೋದಷ್ಟೇ ಸಹಜವಾಗಿ ಅವರ ಬಳಿ ಹೋಗುತ್ತಾರೆ.

ಹೊರಡುವಾಗ

ಬಂದಾಗ ಕಟ್ಟಿದ್ದನ್ನೆಲ್ಲ ಹೊರಡುವಾಗ ಬಿಚ್ಚಬೇಕು, ಅದಕ್ಕೆ ಕನಿಷ್ಠ ಒಂದೂವರೆ ತಿಂಗಳು ಮುಂಚೆ ಕೈಹಚ್ಚಿ. ರೈಲ್ವೆ ಪಾಸು ತಿಂಗಳ 10ರೊಳಗೆ ರದ್ದು ಮಾಡಿದರೆ ಮಾತ್ರ ಆ ತಿಂಗಳಿಗೆ ನಿಲ್ಲುತ್ತದೆ. ವಿಮೆಗೆ, ರೇಡಿಯೊ ಶುಲ್ಕದ ಕಚೇರಿಗೆ, ಮೊಬೈಲ್ ಕಂಪನಿಗೆ ಬರೆಯಬೇಕು. ನಾಗರಿಕ ಕಚೇರಿಯಲ್ಲಿ ವಿಳಾಸ ತೆಗೆಸುವುದನ್ನು ಹೊರಡುವ ದಿನಕ್ಕೆ ಒಂದು ವಾರ ಮುಂಚಿನಿಂದ ಮಾಡಬಹುದು. ಆ ಕಾಗದ ತೋರಿಸಿದರೆ ಉಳಿದ ಕರಾರುಗಳನ್ನು ಮುಗಿಸುವುದು ಸಲೀಸು. ಪ್ರಬಂಧಗಳ ಅಂಕ ಬರಲು ವಾರಗಟ್ಟಲೆ ಹಿಡಿಯುತ್ತದೆ. ಊರಿನ ಕಾಲೇಜಿನಲ್ಲಿ ಮುಂದಿನ ಸೆಮಿಸ್ಟರ್ ಶುರುವಾದ ಮೇಲೂ ಅಂಕಪಟ್ಟಿ ಬಂದಿರದಿರಬಹುದು ಎಂದು ವಿಭಾಗಕ್ಕೆ ಮೊದಲೇ ತಿಳಿಸಿಡಿ.

ಕೋಣೆ ಒಪ್ಪಿಸುವಾಗ ಮನೆ ಕೊಟ್ಟವರ ಎದುರಿನಲ್ಲೇ ಗೋಡೆ, ಕಿಟಕಿ, ಒಲೆ, ಬೀಗದ ಕೈಗಳ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದುಕೊಳ್ಳಿ. ಬಂದ ದಿನವೂ ಹೀಗೇ ಮಾಡಿದ್ದರೆ ಹಳೆಯ ಗೀರಿಗೆ ನೀವು ಹೊಣೆಯಾಗುವುದಿಲ್ಲ. ಠೇವಣಿ ಆ ದಿನವೇ ಸಿಗುವುದಿಲ್ಲ. ನೀರು, ವಿದ್ಯುತ್ತಿನ ಲೆಕ್ಕ ಮುಗಿದ ಮೇಲೆ, ನೀವು ಊರಿಗೆ ಬಂದು ತಿಂಗಳುಗಳಾದ ನಂತರ ಬರುತ್ತದೆ. ಅದು ಬಂದು ಸೇರುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.